ಡ್ರಮ್ ಮೆಷೀನಿನ ಪ್ಯಾಡುಗಳೂ ಬೆರಳಿನ ಘಾತದ ಸೂಕ್ಷ್ಮತೆಯೂ

ವಾದ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮರ, ಚರ್ಮ, ಲೋಹ, ಮಣ್ಣು ಇವುಗಳ ವಿಚಾರವನ್ನು ಹೇಳಿ ಅಲ್ಲಿಗೆ ನಿಲ್ಲಿಸುತ್ತಾರೆ. ವಿದ್ಯುತ್ತಿನಿಂದ ನುಡಿಯುವ ವಾದ್ಯಗಳು ಚರಿತ್ರೆಯ ವಿಷಯವಾಗುವಷ್ಟು ಹಳೆಯವಾಗಿಲ್ಲವೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಡ್ರಮ್ ಮೆಷೀನಿನ ರಬ್ಬರು ಪ್ಯಾಡುಗಳ ಮೇಲೆ ಬೆರಳುಗಳಿಂದ ಬಾರಿಸುವ ಪದ್ಧತಿಗೆ ಈಗಾಗಲೇ ನಾಲ್ಕು ದಶಕಗಳ ಇತಿಹಾಸವಿದೆ. ಅಂತಹ ಯಂತ್ರಗಳಲ್ಲಿ ಒಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ಸೇರಿದೆ. ಆದುದರಿಂದ ಈ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕರಲ್ಲಿ ಕ್ಷಮೆ ಬೇಡಬೇಕಾದ ಅಗತ್ಯ ನನಗೆ ತೋರುವುದಿಲ್ಲ.

ನಾನು ಸಂಗೀತಗಾರನಲ್ಲ. ಯಂತ್ರಗಳ ಸಾಮಾಜಿಕ ಇತಿಹಾಸವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಗೆ ತೋರಿಸಲೆಂದು ಬೇರೊಬ್ಬರು ಬಳಸಿ ಬಿಟ್ಟ ಒಂದು ಯಂತ್ರವನ್ನು ಎರವಲು ತಂದಿದ್ದೆ. ಮೃದಂಗವನ್ನು ಬಾಲ್ಯದಿಂದ ಅಭ್ಯಾಸ ಮಾಡಿದ್ದ ಒಬ್ಬ ವಿದ್ಯಾರ್ಥಿನಿ ಅದರ ಮುಂದೆ ಕುಳಿತು ಕೆಲವು ನಿಮಿಷ ಬಾರಿಸಿ ನೋಡಿದಳು. ಅನಂತರ ಕೈ ತೆಗೆದು, “ಸಾರ್, ನಾನು ನುಡಿಸಿದ್ದರಲ್ಲಿ ಅರ್ಧವನ್ನು ಇದು ಕೇಳಿಸಿಕೊಳ್ಳುತ್ತಲೇ ಇಲ್ಲ” ಎಂದಳು. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಮೆಲುವಾದ ಹೊಡೆತಗಳು ಯಂತ್ರದಲ್ಲಿ ದಾಖಲಾಗುತ್ತಿರಲಿಲ್ಲ. ದಾಖಲಾದವುಗಳೆಲ್ಲ ಒಂದೇ ಬಲದಲ್ಲಿ ಕೇಳಿಸುತ್ತಿದ್ದುವು. ದೋಷವು ಯಂತ್ರದ್ದೋ, ಅದನ್ನು ಹೊಂದಿಸಿದ ರೀತಿಯದ್ದೋ ಎಂಬ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು.

ಮೊದಲು ಯಂತ್ರದ ಪೂರ್ವೋತ್ತರವನ್ನು ಸ್ವಲ್ಪದರಲ್ಲಿ ಹೇಳುವುದು ಯುಕ್ತ. ಅಮೆರಿಕದ ರೋಜರ್ ಲಿನ್ ಎಂಬುವರು 1980ರಲ್ಲಿ ಎಲ್‌ಎಂ-1 ಎಂಬ ಯಂತ್ರವನ್ನು ಹೊರತಂದರು. ನಿಜವಾದ ಡ್ರಮ್ಮುಗಳ ಧ್ವನಿಯನ್ನು ಅಂಕೆಗಳ ರೂಪದಲ್ಲಿ ಸಂಗ್ರಹಿಸಿ ನುಡಿಸುವ ಮೊದಲ ಡ್ರಮ್ ಮೆಷೀನ್ ಅದು. ಆದರೆ ಅದರ ಗುಂಡಿಗಳು ಕೇವಲ ಗುಂಡಿಗಳು. ಒತ್ತಿದರೆಂಬುದು ಅವಕ್ಕೆ ತಿಳಿಯುತ್ತಿತ್ತೇ ವಿನಾ ಎಷ್ಟು ಬಲವಾಗಿ ಒತ್ತಿದರೆಂಬುದು ತಿಳಿಯುತ್ತಿರಲಿಲ್ಲ. ಘಾತದ ಬಲವನ್ನು ಗ್ರಹಿಸುವ ಪ್ಯಾಡುಗಳು 1984ರ ಲಿನ್ 9000 ಯಂತ್ರದಲ್ಲಿ ಬಂದುವು. ಲಿನ್ ಅವರ ಸಂಸ್ಥೆ 1986ರಲ್ಲಿ ಮುಚ್ಚಿಹೋಯಿತು. ಅವರು ಜಪಾನಿನ ಅಕಾಯ್ ಸಂಸ್ಥೆಯೊಡನೆ ಸೇರಿ ರಚಿಸಿದ ಎಂಪಿಸಿ-60 1988ರಲ್ಲಿ ಬಳಕೆಗೆ ಬಂದಿತು. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಪ್ಯಾಡುಗಳನ್ನು ಚೌಕವಾಗಿ ಜೋಡಿಸುವ ಕ್ರಮ ಅದರಿಂದಲೇ ರೂಢಿಯಾಯಿತು. ಇಂದಿಗೂ ಹೆಚ್ಚಿನ ತಯಾರಕರು ಅದನ್ನೇ ಅನುಸರಿಸುತ್ತಾರೆ. 1994ರ ಎಂಪಿಸಿ-3000 ಅದರ ಮುಂದಿನ ಹೆಜ್ಜೆ. ವಸ್ತುಸಂಗ್ರಹಾಲಯದಲ್ಲಿರುವುದೆಂದು ಮೇಲೆ ಹೇಳಿದ ಯಂತ್ರ ಇದೇ. 2006ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಡೆಟ್ರಾಯಿಟಿನ ಜೆ ಡಿಲ್ಲಾ ಅದನ್ನು ಬಳಸುತ್ತಿದ್ದನು.

ನಮ್ಮ ನಾಡಿನಲ್ಲಿ ತಾಳದ ಯಂತ್ರವೆಂದರೆ ಜನರ ಮನಸ್ಸಿಗೆ ಬರುವುದು ಬೇರೆಯೇ ಒಂದು ವಸ್ತು. ಬೆಂಗಳೂರಿನ ರಾಡೆಲ್ ಸಂಸ್ಥೆಯ ತಾಳಮಾಲಾದಂತಹ ಯಂತ್ರಗಳಲ್ಲಿ ತಾಳವನ್ನೂ ಲಯವನ್ನೂ ಗೊತ್ತುಮಾಡಿಟ್ಟರೆ ಅದು ತಾನೇ ನುಡಿಯುತ್ತ ಹೋಗುತ್ತದೆ. ಗಾಯಕನು ಅದರ ಜೊತೆಯಲ್ಲಿ ಹಾಡಿಕೊಳ್ಳುತ್ತಾನೆ. ಅಲ್ಲಿ ಕೈಗೆ ಕೆಲಸವಿಲ್ಲ. ಇಲ್ಲಿ ಚರ್ಚಿಸುತ್ತಿರುವುದು ಕೈಯಿಲ್ಲದೆ ನುಡಿಯದ ಯಂತ್ರವನ್ನು. ಪ್ಯಾಡ್ ಎಂಬುದಕ್ಕೆ ‘ಮೆತ್ತೆ’ ಎನ್ನಬಹುದೇನೋ. ಆದರೆ ಬಾರಿಸುವವರಾರೂ ಹಾಗೆನ್ನುವುದಿಲ್ಲವಾದ ಕಾರಣ ರೂಢಿಯ ಮಾತನ್ನೇ ಇಟ್ಟುಕೊಂಡಿದ್ದೇನೆ.

ಪ್ಯಾಡಿನ ಒಳಗಣ ವ್ಯವಸ್ಥೆಯನ್ನು ಅರಿಯದೆ ಅದನ್ನು ಹೊಂದಿಸಹೊರಟರೆ ಕತ್ತಲೆಯಲ್ಲಿ ತಡಕಾಡಿದಂತಾಗುತ್ತದೆ. ಈ ಬಗೆಯ ಯಂತ್ರಗಳಲ್ಲಿ ಹೆಚ್ಚಿನವುಗಳ ರಬ್ಬರಿನ ಕೆಳಗೆ ಎರಡು ತೆಳುವಾದ ಹಾಳೆಗಳಿರುತ್ತವೆ. ಒಂದರ ಮೇಲೆ ವಿದ್ಯುತ್ತು ಹರಿಯುವ ಗೆರೆಗಳು. ಇನ್ನೊಂದರ ಮೇಲೆ ಇಂಗಾಲದ ಲೇಪ. ಬೆರಳು ಬಿದ್ದಾಗ ಇವೆರಡೂ ಒಂದನ್ನೊಂದು ಒತ್ತುತ್ತವೆ. ಒತ್ತಡ ಹೆಚ್ಚಿದಷ್ಟೂ ವಿದ್ಯುತ್ತಿಗೆ ಆಗುವ ತಡೆ ಕಡಮೆಯಾಗುತ್ತದೆ. ಯಂತ್ರವು ಈ ಬದಲಾವಣೆಯನ್ನು ಎಡೆಬಿಡದೆ ಅಳೆಯುತ್ತಿದ್ದು, ಒಂದು ನಿಯತವಾದ ಮಿತಿಯನ್ನು ಅದು ದಾಟಿದೊಡನೆ ‘ಹೊಡೆತ ಬಿದ್ದಿತು’ ಎಂದು ತೀರ್ಮಾನಿಸಿ, ಮುಂದಿನ ಅತ್ಯಲ್ಪ ಕಾಲದಲ್ಲಿ ಒತ್ತಡವು ಮುಟ್ಟಿದ ಶಿಖರವನ್ನು 1ರಿಂದ 127ರ ವರೆಗಿನ ಒಂದು ಅಂಕೆಯಾಗಿ ಬರೆದುಕೊಳ್ಳುತ್ತದೆ. ಆ ಅಂಕೆಗೆ ವೆಲಾಸಿಟಿ, ಎಂದರೆ ವೇಗ, ಎಂದು ಹೆಸರು. 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಒಡಂಬಡಿಕೆಯು ಕೀಬೋರ್ಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಅಲ್ಲಿ ಕೀಲಿಯು ಕೆಳಗಿಳಿಯಲು ತೆಗೆದುಕೊಳ್ಳುವ ಕಾಲವನ್ನು ಅಳೆಯುವುದರಿಂದ ಈ ಹೆಸರು ಸಾರ್ಥಕ. ಪ್ಯಾಡಿನಲ್ಲಿ ಅಳೆಯುವುದು ಒತ್ತಡವನ್ನಾದರೂ ಹೆಸರು ಮಾತ್ರ ಹಾಗೆಯೇ ಉಳಿದುಬಂದಿದೆ. ಅರ್ಥ ಹೋದ ಮೇಲೂ ಹೆಸರು ಉಳಿಯುವುದು ನಮ್ಮ ಊರುಗಳ ವಿಷಯದಲ್ಲಿ ಕಂಡದ್ದೇ.

ಮೇಲೆ ಹೇಳಿದ ಮಿತಿಗೆ ಥ್ರೆಶೋಲ್ಡ್ ಎಂದು ಹೆಸರು. ಸೂಕ್ಷ್ಮವಾದ ವಾದನಕ್ಕೆ ಇದೇ ಹೆಬ್ಬಾಗಿಲು. ಮಿತಿಗಿಂತ ಕೆಳಗಿನ ಸ್ಪರ್ಶವು ಯಂತ್ರದ ಪಾಲಿಗೆ ನಡೆದೇ ಇಲ್ಲ. ದಾನವೂ ವಿಜಯವೂ ಕಲ್ಲಿನ ಮೇಲೆ ನಿಂತು, ಉತ್ತವನ ದಿನಚರಿ ಎಲ್ಲಿಯೂ ದೊರೆಯದಿರುವ ಶಾಸನಗಳ ನಡುವೆ ಕೆಲಸಮಾಡುವ ನಮ್ಮಂಥವರಿಗೆ ಈ ಮಿತಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿನಿಯ ಅರ್ಧ ಹೊಡೆತಗಳು ಮಾಯವಾದುದು ಇಲ್ಲಿಯೇ. ಹಿಂದಿನವರು ಬಲವಾಗಿ ಬಾರಿಸುವವರಿದ್ದಿರಬೇಕು. ಅಕಸ್ಮಾತ್ತಾಗಿ ಬೆರಳು ತಗುಲಿದರೆ ಧ್ವನಿ ಬರದಿರಲೆಂದು ಮಿತಿಯನ್ನು ಮೇಲೆತ್ತಿ ಇಟ್ಟಿದ್ದರು.

ಹಾಗಾದರೆ ಅದನ್ನು ಸೊನ್ನೆಗೆ ಇಳಿಸಿಬಿಡಬಹುದೇ ಎಂದರೆ ಅದೂ ಸಲ್ಲದು. ಒಂದು ಪ್ಯಾಡಿಗೆ ಬಿದ್ದ ಪೆಟ್ಟಿನ ಅದಿರಾಟವು ಪಕ್ಕದ ಪ್ಯಾಡನ್ನು ತಲಪಿ, ಯಾರೂ ಮುಟ್ಟದಿದ್ದರೂ ಅದು ನುಡಿಯತೊಡಗುತ್ತದೆ. ಆದಕಾರಣ ಕ್ರಮವಾಗಿ ನಡೆಯಬೇಕು. ಮಿತಿಯನ್ನು ತೀರ ಕೆಳಗಿಳಿಸಿ, ಒಂದು ಪ್ಯಾಡನ್ನು ತನ್ನಿಂದ ಸಾಧ್ಯವಾದಷ್ಟು ಬಲವಾಗಿ ಹೊಡೆಯುತ್ತ, ನೆರೆಯವು ಸುಮ್ಮನಾಗುವವರೆಗೆ ಒಂದೊಂದೇ ಅಂಕೆ ಮೇಲೇರಿಸುವುದು. ಬಳಿಕ ತನ್ನ ಅತ್ಯಂತ ಮೃದುವಾದ ಹೊಡೆತವು ಇನ್ನೂ ದಾಖಲಾಗುತ್ತಿದೆಯೇ ಎಂದು ಪರೀಕ್ಷಿಸುವುದು. ಇವೆರಡೂ ಒಟ್ಟಿಗೆ ಕೂಡಿಬಾರದಿದ್ದರೆ ಧ್ವನಿಗಳ ಸ್ಥಾನವನ್ನೇ ಬದಲಿಸಬೇಕಾಗುತ್ತದೆ: ಬಲವಾಗಿ ಹೊಡೆಯುವ ಬಾಸ್ ಡ್ರಮ್ಮನ್ನು ಒಂದು ಮೂಲೆಗೂ, ಮೆಲುದನಿಯ ಹೊಡೆತಗಳನ್ನು ಬೇಡುವ ಸ್ನೇರ್ ಡ್ರಮ್ಮನ್ನು ಅದಕ್ಕೆ ತಾಗದ ಜಾಗಕ್ಕೂ ಒಯ್ದರೆ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ. ಸ್ನೇರಿನ ಧ್ವನಿಯನ್ನು ಎರಡು ಪ್ಯಾಡುಗಳಿಗೆ ಕೊಟ್ಟು ಎರಡು ಕೈಗಳಿಗೂ ಒಂದೊಂದು ಸಿಗುವಂತೆ ಮಾಡುವುದು ಅನುಭವಿಗಳ ಪದ್ಧತಿ. ಒಂದೇ ಬೆರಳು ಬೇಗಬೇಗ ಎದ್ದು ಬೀಳುವ ಶ್ರಮ ಇದರಿಂದ ತಪ್ಪುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತೊಂದರೆಯುಂಟು. ಒಂದೇ ಹೊಡೆತವನ್ನು ಯಂತ್ರವು ಎರಡೆಂದು ಕೇಳುವುದು. ಇದನ್ನು ತಡೆಯಲು ಹೊಡೆತದ ನಂತರ ಕೆಲವು ಸಹಸ್ರಾಂಶ ಸೆಕೆಂಡುಗಳ ಕಾಲ ಪ್ಯಾಡು ಕಿವುಡಾಗಿರುವಂತೆ ಕೆಲವು ಯಂತ್ರಗಳಲ್ಲಿ ಗೊತ್ತುಮಾಡಬಹುದು. ಈ ಅವಧಿ ಹೆಚ್ಚಾದರೆ ದ್ರುತಗತಿಯ ಹೊಡೆತಗಳು ನುಂಗಿಹೋಗುತ್ತವೆ. ನಿಮಿಷಕ್ಕೆ 120 ಎಣಿಕೆಯ ಲಯದಲ್ಲಿ ಒಂದು ಎಣಿಕೆಯನ್ನು ಎಂಟು ಪಾಲು ಮಾಡಿದರೆ ಹೊಡೆತಗಳ ಅಂತರ ಕೇವಲ 62.5 ಸಹಸ್ರಾಂಶ ಸೆಕೆಂಡು. ಕಿವುಡಿನ ಅವಧಿ ಇದಕ್ಕಿಂತ ಬಹಳ ಕಡಮೆಯಿರಬೇಕೆಂಬುದು ಸ್ಪಷ್ಟ.

ಹೊಡೆತವು ದಾಖಲಾದ ಮೇಲೆ ಅದಕ್ಕೆ ಯಾವ ಅಂಕೆ ದೊರೆಯಬೇಕೆಂಬುದನ್ನು ನಿರ್ಧರಿಸುವುದು ವೆಲಾಸಿಟಿ ಕರ್ವ್. ಬೆರಳಿನ ಬಲವನ್ನು ಅಡ್ಡಗೆರೆಯ ಮೇಲೂ ಯಂತ್ರವು ಕೊಡುವ ಅಂಕೆಯನ್ನು ನಿಲುಗೆರೆಯ ಮೇಲೂ ಗುರುತಿಸಿದರೆ ದೊರೆಯುವ ರೇಖೆಯಿದು. ರೇಖೆ ನೇರವಾಗಿದ್ದರೆ ಬಲವೂ ಅಂಕೆಯೂ ಸಮವಾಗಿ ಏರುತ್ತವೆ. ಆರಂಭದಲ್ಲೇ ಕಡಿದಾಗಿ ಏರಿ ಮೇಲೆ ಚಪ್ಪಟೆಯಾಗುವ ರೇಖೆಯಲ್ಲಿ ಸ್ವಲ್ಪ ಮುಟ್ಟಿದರೂ ದೊಡ್ಡ ಅಂಕೆ ಬರುತ್ತದೆ. ಬೆರಳು ಹಗುರವಾಗಿರುವವರು ಇದನ್ನು ಮೊದಲ ನೋಟಕ್ಕೇ ಒಪ್ಪಿಕೊಳ್ಳುತ್ತಾರೆ. ಯಂತ್ರವು ‘ಸೂಕ್ಷ್ಮ’ವಾಯಿತೆಂದು ಭಾವಿಸುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಇದೊಂದು ಭ್ರಾಂತಿ. ಕೂಗು ಸುಲಭವಾಯಿತೇ ಹೊರತು ಪಿಸುಮಾತು ಸ್ಪಷ್ಟವಾಗಲಿಲ್ಲ. ಮಧ್ಯಮ ಬಲದ ಹೊಡೆತಗಳೆಲ್ಲ ಮೇಲೇರಿ 110ರಿಂದ 127ರ ಒಳಗೆ ಗುಂಪುಗೂಡಿ, ಅವುಗಳ ಪರಸ್ಪರ ಭೇದವು ಅಳಿಸಿಹೋಗುತ್ತದೆ. ಮೊದಲು ನಿಧಾನವಾಗಿ ಏರಿ ಕೊನೆಯಲ್ಲಿ ಕಡಿದಾಗುವ ರೇಖೆಯಾದರೋ ಮೃದುವಾದ ಹೊಡೆತಗಳಿಗೆ ವಿಶಾಲವಾದ ಅವಕಾಶವನ್ನು ಕೊಡುತ್ತದೆ, ಆದರೆ ತುದಿಯ ಅಂಕೆಗಳನ್ನು ಮುಟ್ಟಲು ಬೆರಳು ನೋಯುವಷ್ಟು ಹೊಡೆಯಬೇಕಾಗುತ್ತದೆ.

ಇದನ್ನು ಊಹೆಯಿಂದ ಗೊತ್ತುಮಾಡಬೇಕಾಗಿಲ್ಲ. ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಬರುವ ಅಂಕೆಗಳನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶವನ್ನು ತೆರೆದಿಟ್ಟುಕೊಂಡು, ಒಂದೇ ಪ್ಯಾಡಿನ ಮೇಲೆ ಮೃದು, ಮಧ್ಯಮ, ಪ್ರಬಲ ಎಂಬ ಮೂರು ತೆರನಾಗಿ ತಲಾ ಇಪ್ಪತ್ತು ಹೊಡೆತಗಳನ್ನು ಹಾಕಿ ಬರೆದುಕೊಳ್ಳಬೇಕು. ಮೂರು ಗುಂಪುಗಳು ಒಂದರೊಳಗೊಂದು ಹೊಗದೆ ಬೇರೆಬೇರೆಯಾಗಿ ನಿಂತರೆ ರೇಖೆ ಸರಿಯಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಬಾರಿಸುವವರೇ ಮಾಡಬೇಕು. ಅಂಗಡಿಯವನ ಕೈಗೆ ಸರಿಯಾದದ್ದು ಇನ್ನೊಬ್ಬರ ಕೈಗೆ ಸರಿಯಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಯಂತ್ರದಲ್ಲಿ ಧ್ವನಿಯು ಒಂದೇ ಬಲದಲ್ಲಿ ಬರುತ್ತಿತ್ತು. ಅರ್ಧ ದಿನ ವ್ಯರ್ಥವಾದ ಬಳಿಕ ಕಾರಣ ತಿಳಿಯಿತು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸರಳವಾದದ್ದು. ಫುಲ್ ಲೆವೆಲ್ ಎಂಬ ಗುಂಡಿಯನ್ನು ಯಾರೋ ಒತ್ತಿಬಿಟ್ಟಿದ್ದರು. ಅದು ಒತ್ತಿದ್ದಾಗ ಪ್ಯಾಡನ್ನು ಹೇಗೆ ಮುಟ್ಟಿದರೂ 127 ಎಂದೇ ನುಡಿಯುತ್ತದೆ. ಇದನ್ನು ದೋಷವೆನ್ನಲಾಗದು, ಹಿಪ್‌ಹಾಪ್ ಸಂಗೀತದಲ್ಲಿ ಸಮಬಲದ ಗಟ್ಟಿ ಹೊಡೆತವನ್ನೇ ಬಯಸುವವರು ಅನೇಕರಿದ್ದಾರೆ. ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಗುಂಡಿ ಇದೇ ಎಂಬುದನ್ನು ನನ್ನ ಅರ್ಧ ದಿನದ ನಷ್ಟದಿಂದ ವಾಚಕರು ತಿಳಿಯಬಹುದು.

ಅಂಕೆ ಸರಿಯಾಗಿ ಬಂದರೆ ಸಾಲದು, ಧ್ವನಿಯು ಅದಕ್ಕೆ ಕಿವಿಗೊಡಬೇಕು. ಅಂಕೆಗೆ ತಕ್ಕಂತೆ ಗಟ್ಟಿತನ ಮಾತ್ರ ಬದಲಾಗುವಂತಿದ್ದರೆ ಮೃದುವಾದ ಹೊಡೆತವು ದೂರದಿಂದ ಕೇಳಿಬಂದ ಜೋರಾದ ಹೊಡೆತದಂತೆ ಇರುತ್ತದೆ. ನಿಜವಾದ ಚರ್ಮವಾದ್ಯದಲ್ಲಿ ಮೆಲ್ಲನೆ ಹೊಡೆದಾಗ ಧ್ವನಿಯ ಬಣ್ಣವೇ ಬೇರೆ. ತೀಕ್ಷ್ಣವಾದ ಅಂಶಗಳು ತಗ್ಗಿರುತ್ತವೆ. ಆದ್ದರಿಂದ ಒಂದೇ ಡ್ರಮ್ಮಿನ ಮೃದು, ಮಧ್ಯಮ, ಪ್ರಬಲ ಧ್ವನಿಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ಪದರಪದರವಾಗಿ ಒಂದೇ ಪ್ಯಾಡಿಗೆ ಕೊಡುವುದು ಉತ್ತಮ. ಅದು ಆಗದಿದ್ದರೆ ಅಂಕೆ ಇಳಿದಂತೆ ಧ್ವನಿ ಸ್ವಲ್ಪ ಮಂಕಾಗುವಂತೆ ಫಿಲ್ಟರನ್ನು ಹೊಂದಿಸಬೇಕು.

ಕಾಲದ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಕಂಪ್ಯೂಟರಿನ ಮೂಲಕ ಧ್ವನಿ ಬರುವುದಾದರೆ ಅದು ಒಮ್ಮೆಗೆ ಎಷ್ಟು ಮಾದರಿಗಳನ್ನು ಕೂಡಿಟ್ಟು ಕಳುಹಿಸುತ್ತದೆ ಎಂಬುದರ ಮೇಲೆ ವಿಳಂಬವು ನಿಂತಿದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 128ನ್ನು ಕೂಡಿಟ್ಟರೆ 2.9 ಸಹಸ್ರಾಂಶ ಸೆಕೆಂಡು, 512ನ್ನು ಕೂಡಿಟ್ಟರೆ 11.6. ಎರಡನೆಯದರಲ್ಲಿ ಬೆರಳಿಗೂ ಕಿವಿಗೂ ನಡುವೆ ಏನೋ ಅಂಟಿಕೊಂಡಂತೆ ಭಾಸವಾಗಿ ಕೈ ತಾನಾಗಿಯೇ ಬಿಗಿಯುತ್ತದೆ. ಕೈ ಬಿಗಿದರೆ ಸೂಕ್ಷ್ಮತೆಯ ಮಾತೆಲ್ಲಿ? ಇನ್ನು ಹೊಡೆತಗಳನ್ನು ಸರಿಯಾದ ಎಣಿಕೆಗೆ ಎಳೆದು ಕೂಡಿಸುವ ಕ್ವಾಂಟೈಜ಼್ ಎಂಬ ಏರ್ಪಾಡನ್ನು ನಿಲ್ಲಿಸಿಯೇ ಅಭ್ಯಾಸ ಮಾಡುವುದು ಲೇಸು. ನಿಲ್ಲಿಸಿದರೂ ಯಂತ್ರದ ಕಾಲವು ಸಂಪೂರ್ಣವಾಗಿ ಸ್ವತಂತ್ರವಲ್ಲ. ಎಂಪಿಸಿ-60 ಒಂದು ಎಣಿಕೆಯನ್ನು 96 ಭಾಗ ಮಾಡುತ್ತಿತ್ತು. 120ರ ಲಯದಲ್ಲಿ ಒಂದು ಭಾಗವೆಂದರೆ 5.2 ಸಹಸ್ರಾಂಶ ಸೆಕೆಂಡು. ಅದಕ್ಕಿಂತ ಸಣ್ಣ ಭೇದವನ್ನು ಅದು ಬಲ್ಲದಾಗಿರಲಿಲ್ಲ. ಹೊಡೆತಗಳನ್ನು ಎಣಿಕೆಯಿಂದ ತುಸು ಹಿಂದೆ ಮುಂದೆ ಸರಿಸಿ, ತೂಗುವಂತಹ ನಡೆಯನ್ನು ಜೆ ಡಿಲ್ಲಾ ಪಡೆದುದು ಹೀಗೆ ಹಂಚಿ ಅಳೆದ ಕಾಲದೊಳಗೇ ಎಂಬುದು ಗಮನಾರ್ಹ.

ಪ್ಯಾಡಿನ ಭೌತಿಕ ಸ್ಥಿತಿಯನ್ನು ಕಡೆಯಲ್ಲಿ ಹೇಳುತ್ತಿದ್ದರೂ ಕೆಲಸದಲ್ಲಿ ಅದು ಮೊದಲು. ಯಂತ್ರವು ಅಲುಗಾಡದ ಮೇಜಿನ ಮೇಲೆ, ಮೊಣಕೈಯ ಮಟ್ಟದಲ್ಲಿರಬೇಕು; ಕೆಳಗೊಂದು ರಬ್ಬರು ಹಾಸು ಹಾಕಿದರೆ ಮೇಜಿನ ಅದಿರಾಟ ಒಳಸೇರುವುದಿಲ್ಲ. ಹಳೆಯ ಯಂತ್ರಗಳಲ್ಲಿ ಪ್ಯಾಡಿನ ಅಂಚಿಗಿಂತ ನಡುಭಾಗವೇ ಚುರುಕು. ಹೊಡೆತವು ಅಲ್ಲಿಯೇ ಬೀಳಬೇಕು. ಬಳಸಿ ಬಳಸಿ ರಬ್ಬರು ಸವೆದಿದ್ದರೆ, ವಿದ್ಯುತ್ ಸಂಪರ್ಕವನ್ನು ಕಿತ್ತು, ಯಂತ್ರವನ್ನು ಬಿಚ್ಚಿ, ಪ್ಯಾಡಿನ ತಳಕ್ಕೆ ವಿದ್ಯುತ್ ಕೆಲಸದವರ ಟೇಪನ್ನು ಒಂದೆರಡು ಪದರ ಅಂಟಿಸುವ ಉಪಾಯವುಂಟು. ರಬ್ಬರಿಗೂ ಹಾಳೆಗೂ ಇರುವ ಅಂತರ ಅಷ್ಟರಮಟ್ಟಿಗೆ ಕಿರಿದಾಗಿ ಹಗುರವಾದ ಸ್ಪರ್ಶವೂ ಮುಟ್ಟುತ್ತದೆ. ಒಂದು ಪದರ ಹಾಕಿ, ಪರೀಕ್ಷಿಸಿ, ಬೇಕಾದರೆ ಮತ್ತೊಂದನ್ನು ಹಾಕಬೇಕು. ಹೆಚ್ಚಾದರೆ ಪ್ಯಾಡು ಸದಾ ಒತ್ತಿದಂತೆಯೇ ಇದ್ದು ತನ್ನಷ್ಟಕ್ಕೆ ನುಡಿಯುತ್ತದೆ. ನಮ್ಮ ಯಂತ್ರದ ಎರಡು ಪ್ಯಾಡುಗಳಿಗೆ ಎರಡೆರಡು ಪದರ ಸಾಕಾಯಿತು.

ವಿದ್ಯಾರ್ಥಿನಿಯು ಈಗ ವಾರಕ್ಕೆರಡು ಸಂಜೆ ವಿಭಾಗದ ಕೊಠಡಿಯಲ್ಲಿ ಅದನ್ನು ಬಾರಿಸುತ್ತಾಳೆ. ಮೃದುವಾದ ಹೊಡೆತಗಳು ಕೇಳಿಸುತ್ತವೆ. ಪ್ರಬಲವಾದವುಗಳಿಂದ ಬೇರೆಯಾಗಿಯೇ ಕೇಳಿಸುತ್ತವೆ. ಮೃದಂಗದ ಎಡಭಾಗದಲ್ಲಿ ಹೊಡೆದ ಮೇಲೆ ಅಂಗೈಯಿಂದ ಒತ್ತಿ ಧ್ವನಿಯನ್ನು ಬಾಗಿಸುವ ಗುಂಕಿ ಮಾತ್ರ ಅವಳಿಗೆ ಒಲಿದಿಲ್ಲ. ವೆಲಾಸಿಟಿಯ ಅಂಕೆಯು ಹೊಡೆತದ ಕ್ಷಣಕ್ಕೆ ಮಾತ್ರ ಸೇರಿದ್ದರಿಂದ ಅದು ಅದರಿಂದ ಆಗುವ ಕೆಲಸವೂ ಅಲ್ಲ. ಹೊಡೆದ ಬಳಿಕದ ಒತ್ತಡವನ್ನು ಅಳೆಯುವ ಆಫ್ಟರ್‌ಟಚ್ ಎಂಬ ಬೇರೊಂದು ಏರ್ಪಾಡನ್ನು ಧ್ವನಿಯ ಸ್ಥಾಯಿಗೆ ಜೋಡಿಸಿ ಅವಳು ಪ್ರಯತ್ನಿಸುತ್ತಿದ್ದಾಳೆ. ಅವಳ ಕೈಗೆ ಸರಿಹೊಂದಿದ ಥ್ರೆಶೋಲ್ಡ್ ಮತ್ತು ಕರ್ವಿನ ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ತಳಭಾಗಕ್ಕೆ ಅಂಟಿಸಿದ್ದೇವೆ; ಇನ್ನೊಬ್ಬರು ಬಾರಿಸಿ ಬದಲಿಸಿಹೋದರೂ ಅವಳು ತನ್ನದನ್ನು ಮತ್ತೆ ಇಟ್ಟುಕೊಳ್ಳಬಹುದು.