ಕೊಡಗಿನ ಗೌರಮ್ಮ: ರಾಣಿಯ ದತ್ತಪ್ರೀತಿಯ ಬೆಲೆ

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಕಥೆಯನ್ನು ನಾವು ಅಜ್ಜಿಕಥೆಯಂತೆ ಹೇಳುತ್ತೇವೆ: ಲಂಡನ್ನಿನ ಅರಮನೆ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ಬಿಳಿಯ ಗಂಡ. ನನಗೆ ಅದು ಒಂದು ವ್ಯವಹಾರದ ಕಡತದಂತೆ ಕಾಣುತ್ತದೆ. 1834ರಲ್ಲಿ ರಾಜ್ಯ ಕಳೆದುಕೊಂಡ ತಂದೆ 1852ರಲ್ಲಿ ಇಂಗ್ಲೆಂಡಿಗೆ ಹೋದದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ಹಣಕ್ಕಾಗಿ. ಹನ್ನೊಂದರ ಆಸುಪಾಸಿನ ಮಗಳಿಗೆ ಅದೇ ವರ್ಷದ ಜೂನ್ 30ರಂದು ಕ್ರೈಸ್ತ ದೀಕ್ಷಾಸ್ನಾನ. ಹೆಸರು ವಿಕ್ಟೋರಿಯಾ ಗೌರಮ್ಮ. ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಆಕೆಯ ಚಿತ್ರ ನೋಡಿ: ಮೈತುಂಬ ನಮ್ಮ ಉಡುಗೆ ಒಡವೆ, ಕೈಯಲ್ಲಿ ಬೈಬಲ್.

ಕರೆದೊಯ್ದವನು ಹೆತ್ತ ತಂದೆಯೇ, ರಾಣಿಯದೂ ನಿಜವಾದ ಅಕ್ಕರೆ ಎನ್ನುವವರಿದ್ದಾರೆ. ಇರಬಹುದು. ಆದರೆ ಸೋತ ಅರಸನ ಮುಂದೆ ಬೇರೆ ದಾರಿ ಎಷ್ಟಿತ್ತು? ಅಕ್ಕರೆಯೊಳಗೂ ಲೆಕ್ಕಾಚಾರವಿತ್ತು. ರಾಜ್ಯ ಕಳೆದುಕೊಂಡು ಕ್ರೈಸ್ತನಾಗಿದ್ದ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್‌ಗೆ ಈಕೆಯನ್ನು ಕೊಟ್ಟರೆ ಇಬ್ಬರು ಕ್ರೈಸ್ತ ರಾಜವಂಶೀಯರು ಒಂದಾದಾರೆಂದು ರಾಣಿ ಬಯಸಿದಳು, ಆತ ಒಪ್ಪಲಿಲ್ಲ. 1859ರಲ್ಲಿ ತಂದೆ ತೀರಿಕೊಂಡ. ಮರುವರ್ಷ ಆಕೆ ತನಗಿಂತ ಬಹಳ ಹಿರಿಯನಾದ ಸೈನ್ಯಾಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. 1861ರಲ್ಲಿ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ ಕ್ಷಯ ಗೌರಮ್ಮನನ್ನು ಒಯ್ದಿತು, ಇನ್ನೂ ಇಪ್ಪತ್ತೆರಡು. ಆಕೆಯ ಸಮಾಧಿ ಕೊಡಗಿನ ಅರಸರ ಸಮಾಧಿಗಳಿರುವ ಮಡಿಕೇರಿಯ ಗದ್ದಿಗೆಯಲ್ಲಿಲ್ಲ, ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.