ಒಂದು ಗಣಕಯಂತ್ರ, ಹಲವು ದಫ್ತರಗಳು

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಶಾನುಭೋಗಿಕೆಯು ವಂಶಪಾರಂಪರ್ಯವಾಗಿ ನಡೆದುಬರುತ್ತಿದ್ದ ಕಾಲದಲ್ಲಿ, ಊರಿನ ಹೊಲಗದ್ದೆಗಳ ವಿವರ, ಕಂದಾಯದ ಲೆಕ್ಕ, ಸಾಗುವಳಿದಾರರ ಹೆಸರು ಇವೆಲ್ಲವೂ ಬಹುಮಟ್ಟಿಗೆ ಶಾನುಭೋಗರ ಮನೆಯ ದಫ್ತರದಲ್ಲಿಯೇ ಇರುತ್ತಿದ್ದುವು. ಸರ್ಕಾರದ ಕಾಗದ ಯಾವುದು, ಮನೆತನದ ಕಾಗದ ಯಾವುದು ಎಂಬ ಭೇದವು ದಫ್ತರವನ್ನು ಬಿಚ್ಚುವವರ ಸ್ಮರಣೆಯಲ್ಲಿತ್ತೇ ಹೊರತು ದಫ್ತರದ ಗಂಟಿನಲ್ಲಿ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ಆ ಪಾರಂಪರಿಕ ಹಕ್ಕನ್ನು ಕೊನೆಗೊಳಿಸಿ ಸಂಬಳದ ಗ್ರಾಮ ಲೆಕ್ಕಿಗರಿಗೆ ಎಡೆಮಾಡಿಕೊಟ್ಟಿತಾದರೂ, ಪಹಣಿಯ ಪುಸ್ತಕಗಳು ಮತ್ತೆ ಹಲವು ದಶಕಗಳ ಕಾಲ ಆ ಲೆಕ್ಕಿಗರ ಕೈಯಲ್ಲಿಯೇ ಉಳಿದುವು. ಕಡೆಗೆ, ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೊಗತಕ್ಕದ್ದೆಂಬ ನಿಯಮವೂ ಅದರೊಡನೆ ಬಂದಿತು. ಯಾರ ಕೈ ಯಾವ ದಾಖಲೆಯನ್ನು ಮುಟ್ಟಿತೆಂಬುದನ್ನು ಯಂತ್ರವೇ ನೆನಪಿಡುವ ಏರ್ಪಾಡು ನಮ್ಮ ಹಳ್ಳಿಗಾಡಿನ ಆಡಳಿತಕ್ಕೆ ದೊರೆತದ್ದು ಆಗ. ಅದರ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಅರಿತಿಲ್ಲವೆಂದೇ ನನ್ನ ಭಾವನೆ.

ಏಕೆಂದರೆ ಆ ಕಟ್ಟುನಿಟ್ಟು ಸರ್ಕಾರದ ದಾಖಲೆಗಳಿಗೆ ಮಾತ್ರ ದೊರೆತ ಭಾಗ್ಯ. ಊರಿನ ಮಿಕ್ಕ ಸಂಸ್ಥೆಗಳ ಬರವಣಿಗೆಗೆ ಅಂತಹ ಕಾವಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿ ಕುಳಿತು, ಬೆಳಗಿನ ಹೊತ್ತು ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಲೆಕ್ಕವನ್ನು ಬರೆದು, ಮಧ್ಯಾಹ್ನದ ಮೇಲೆ ಶಿಡ್ಲಘಟ್ಟದ ರೇಷ್ಮೆ ರೀಲರೊಬ್ಬರಿಗಾಗಿ ಗೂಡಿನ ಖರೀದಿಯ ಪಟ್ಟಿಯನ್ನು ಸಿದ್ಧಪಡಿಸಿ, ರಾತ್ರಿ ತನ್ನ ಮನೆಯವರ ಮದುವೆಯ ಚಿತ್ರಗಳನ್ನು ಜೋಡಿಸಿಡುವ ತರುಣಿಯೊಬ್ಬಳನ್ನು ಊಹಿಸಿಕೊಳ್ಳೋಣ. ಆಕೆಗಿರುವುದು ಒಂದೇ ಲ್ಯಾಪ್‌ಟಾಪ್. ಕಡತಗಳನ್ನು ಅಂತರ್ಜಾಲದಲ್ಲಿ ಇಡುವ ಗೂಗಲ್ ಡ್ರೈವಿನಲ್ಲಿ ಖಾತೆಗಳು ಮಾತ್ರ ಮೂರು: ಸಂಘದ್ದೊಂದು, ರೀಲರ ಕೆಲಸದ್ದೊಂದು, ಸ್ವಂತದ್ದೊಂದು. ಡ್ರಾಪ್‌ಬಾಕ್ಸ್ 2008ರಲ್ಲಿಯೂ ಗೂಗಲ್ ಡ್ರೈವ್ 2012ರಲ್ಲಿಯೂ ಜನಸಾಮಾನ್ಯರಿಗೆ ತೆರೆದುಕೊಂಡ ಮೇಲೆ, ಮೈಕ್ರೋಸಾಫ್ಟಿನ ಸಂಗ್ರಹವು 2014ರಲ್ಲಿ ಒನ್‌ಡ್ರೈವ್ ಎಂಬ ಹೆಸರನ್ನು ತಳೆದ ಮೇಲೆ, ಇಂತಹ ಬಹುಖಾತೆಯ ಜೀವನವು ನಗರದವರಿಗಷ್ಟೇ ಮೀಸಲಾಗಿ ಉಳಿದಿಲ್ಲ. ನಗರದ ದೊಡ್ಡ ಕಂಪನಿಯಲ್ಲಿ ಇವನ್ನೆಲ್ಲ ನೋಡಿಕೊಳ್ಳುವುದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಹಾಲಿನ ಸಂಘದಲ್ಲಿ ಅವನ್ನು ನೋಡಿಕೊಳ್ಳುವವಳು ಆಕೆಯೊಬ್ಬಳೇ.

ಒಮ್ಮೆ ಪಾಸ್‌ವರ್ಡನ್ನು ಕೊಟ್ಟ ಮೇಲೆ, ಪುಟವನ್ನು ತೆರೆದಾಗಲೆಲ್ಲ ಅದನ್ನು ಮತ್ತೆ ಕೇಳದಿರುವುದಕ್ಕೆ ಕಾರಣವನ್ನು ತಿಳಿದರೆ ಅಪಾಯದ ಮೂಲವೂ ತಿಳಿಯುತ್ತದೆ. ದೂರದಲ್ಲಿರುವ ಸರ್ವರು ನಮ್ಮ ಬ್ರೌಸರಿಗೆ ಕುಕಿ ಎಂಬ ಸಣ್ಣದೊಂದು ಗುರುತನ್ನು ಕೊಟ್ಟಿರುತ್ತದೆ. ಬ್ರೌಸರು ಪ್ರತಿ ಸಲವೂ ಆ ಗುರುತನ್ನು ತೋರಿಸುತ್ತದೆ, ಸರ್ವರು ಅದನ್ನು ನಂಬುತ್ತದೆ. ಒಂದೇ ಬ್ರೌಸರಿನಲ್ಲಿ ಮೂರು ಖಾತೆಗಳಿಂದ ಒಳಹೊಕ್ಕಾಗ ಮೂರರ ಗುರುತೂ ಒಂದೇ ಕಡೆ ಸೇರಿರುವುದರಿಂದ, ಯಾವುದನ್ನು ಯಾವಾಗ ಬಳಸಬೇಕೆಂಬ ಪ್ರಶ್ನೆ ಹುಟ್ಟುತ್ತದೆ. ಗೂಗಲಿನವರು ಇದಕ್ಕೆ ಕಂಡುಕೊಂಡ ಉತ್ತರವೆಂದರೆ, ಮೊದಲು ಒಳಬಂದ ಖಾತೆಗೆ 0 ಎಂದೂ ಅನಂತರದ್ದಕ್ಕೆ 1 ಎಂದೂ ಅಂಕೆಯನ್ನಿತ್ತು, ಆ ಅಂಕೆಯನ್ನು ಪುಟದ ವಿಳಾಸದ ನಡುವೆ ಸೇರಿಸುವುದು, ಮತ್ತು ಅಂಕೆಯಿಲ್ಲದ ಲಿಂಕನ್ನು ಸಾಮಾನ್ಯವಾಗಿ ಮೊದಲಿನ ಖಾತೆಯಲ್ಲಿಯೇ ತೆರೆಯುವುದು. ವಾಟ್ಸ್‌ಆಪಿನಲ್ಲಿ ಬರುವ ಲಿಂಕಿಗೆ ಅಂತಹ ಅಂಕೆ ಇರುವುದು ವಿರಳ. ಆದುದರಿಂದ, ಆಕೆ ಬೆಳಿಗ್ಗೆ ಮೊದಲು ತನ್ನ ಸ್ವಂತ ಖಾತೆಯಿಂದ ಒಳಹೊಕ್ಕಿದ್ದಲ್ಲಿ, ಸಂಘದ ಕಡತದ ಲಿಂಕೂ ಆ ಸ್ವಂತ ಖಾತೆಯ ಬಾಗಿಲನ್ನೇ ತಟ್ಟುತ್ತದೆ.

ಆಗ ಪರದೆಯ ಮೇಲೆ, ಈ ಕಡತವನ್ನು ನೋಡುವುದಕ್ಕೆ ನಿಮಗೆ ಅನುಮತಿಯಿಲ್ಲ, ಬೇಕಾದರೆ ಕೇಳಿ ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಇಲ್ಲಿಯೇ ಅನೇಕರು ಎಡವುವುದು. ಖಾತೆ ತಪ್ಪಾಗಿದೆಯೆಂದು ಯೋಚಿಸುವುದಕ್ಕೆ ಮುಂಚೆಯೇ ಕೈ ಅನುಮತಿ ಕೇಳುವ ಗುಂಡಿಯನ್ನು ಒತ್ತಿಬಿಡುತ್ತದೆ. ಕಡತದ ಒಡೆಯರಿಗೆ ಕೋರಿಕೆಯ ಪತ್ರವು ಹೋಗುತ್ತದೆ. ಅವರು ಹೆಸರನ್ನು ನೋಡಿ, ನಮ್ಮವಳೇ ಅಲ್ಲವೆ ಎಂದು ಒಪ್ಪಿಗೆಯನ್ನು ಕೊಡುತ್ತಾರೆ. ಸಂಘದ ಕಡತವು ಅಂದಿನಿಂದ ಆಕೆಯ ಸ್ವಂತ ಖಾತೆಗೂ ತೆರೆದಿರುತ್ತದೆ, ಮತ್ತು ಆಕೆ ಕೆಲಸವನ್ನು ಬಿಟ್ಟುಹೋದ ಮೇಲೂ ಯಾರಾದರೂ ನೆನಪಿಟ್ಟು ತೆಗೆಯುವವರೆಗೆ ಹಾಗೆಯೇ ಇರುತ್ತದೆ. ಇದಕ್ಕಿಂತ ಕೇಡಿನದು ಇನ್ನೊಂದುಂಟು: ತೆರೆಯುತ್ತಿಲ್ಲವೆಂಬ ದೂರನ್ನು ಕೇಳಿ ಬೇಸತ್ತ ಒಡೆಯರು, ಲಿಂಕ್ ಇರುವವರೆಲ್ಲರೂ ನೋಡಬಹುದೆಂಬ ಏರ್ಪಾಡನ್ನು ಮಾಡಿಬಿಡುವುದು. ಹಾಲಿನ ಪ್ರೋತ್ಸಾಹಧನವು ಉತ್ಪಾದಕರ ಬ್ಯಾಂಕ್ ಖಾತೆಗೇ ನೇರವಾಗಿ ಸಲ್ಲುವ ಈ ದಿನಗಳಲ್ಲಿ ಸಂಘದ ಪಟ್ಟಿಯಲ್ಲಿ ಇರುವುದೇನೆಂಬುದನ್ನು ನೆನೆದರೆ, ಈ ಸಡಿಲಿಕೆಯ ತೂಕ ತಿಳಿದೀತು. ಎರಡು ಹಸುಗಳ ಒಡತಿಯಾದ ಮುದುಕಿಯ ಬ್ಯಾಂಕ್ ಖಾತೆಯ ಸಂಖ್ಯೆಯು ಯಾರ ಫೋನಿಗೆ ಬೇಕಾದರೂ ಹೋಗಬಲ್ಲುದು, ಆಕೆಗೆ ಅದರ ಸುಳಿವೂ ಇರುವುದಿಲ್ಲ.

ಒಡೆತನದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಗೂಗಲ್ ಡ್ರೈವಿನಲ್ಲಿ ಸಾಮಾನ್ಯ ಫೋಲ್ಡರಿಗೆ ಕಡತವನ್ನು ಏರಿಸಿದವರ ಖಾತೆಯೇ ಅದರ ಒಡೆಯ. ಫೋಲ್ಡರು ಸಂಘದ್ದೇ ಆಗಿರಲಿ, ಅದರೊಳಕ್ಕೆ ಸ್ವಂತ ಖಾತೆಯಿಂದ ಏರಿಸಿದ ಪಟ್ಟಿಯು ಸ್ವಂತ ಖಾತೆಯ ಆಸ್ತಿಯಾಗಿಯೇ ಉಳಿದು, ಆಕೆಗೆ ಉಚಿತವಾಗಿ ದೊರೆತಿರುವ 15 ಜಿಬಿ ಜಾಗದಲ್ಲಿಯೇ ಎಣಿಕೆಯಾಗುತ್ತದೆ. ಆ ಖಾತೆಯನ್ನು ಮುಚ್ಚಿದ ದಿನ ಪಟ್ಟಿಯೂ ಮಾಯವಾಗುತ್ತದೆ. ಸಂಸ್ಥೆಗಳು ಹಣ ಕೊಟ್ಟು ಪಡೆಯುವ ಖಾತೆಗಳಲ್ಲಿ ‘ಶೇರ್ಡ್ ಡ್ರೈವ್’ ಎಂಬ ಏರ್ಪಾಡಿದ್ದು, ಅಲ್ಲಿ ಒಡೆತನವು ವ್ಯಕ್ತಿಯದಾಗಿರದೆ ಸಂಸ್ಥೆಯದೇ ಆಗಿರುತ್ತದೆ. ಸಾಧ್ಯವಿದ್ದಲ್ಲಿ ಅದನ್ನೇ ಆರಿಸಿಕೊಳ್ಳುವುದು ಲೇಸು.

ಬ್ರೌಸರನ್ನು ಬಿಟ್ಟು ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿಯೇ ಕೆಲಸ ಮಾಡುವವರು ಗಮನಿಸಬೇಕಾದದ್ದು ಮತ್ತೊಂದು. ಒನ್‌ಡ್ರೈವ್ ತಂತ್ರಾಂಶವು ಸ್ವಂತ ಖಾತೆಗೊಂದು, ಸಂಸ್ಥೆಯ ಖಾತೆಗೊಂದು ಎಂದು ಎರಡು ಫೋಲ್ಡರುಗಳನ್ನು ಪಕ್ಕಪಕ್ಕದಲ್ಲಿ ನಿರ್ಮಿಸಿಕೊಡುತ್ತದೆ. ಸಂಸ್ಥೆಯ ಫೋಲ್ಡರಿನಿಂದ ಸ್ವಂತದ್ದಕ್ಕೆ ಕಡತವನ್ನು ಮೌಸಿನಿಂದ ಎಳೆದು ಬಿಟ್ಟರೆ ಪ್ರತಿಯಾಗುತ್ತದೆಂದು ಭಾವಿಸಿದವರು ಮೋಸಹೋಗುತ್ತಾರೆ. ಒಂದೇ ಡಿಸ್ಕಿನೊಳಗೆ ಹೀಗೆ ಎಳೆದದ್ದು ವಿಂಡೋಸಿನಲ್ಲಿ ಸ್ಥಳಾಂತರವಾಗುತ್ತದೆ, ಮತ್ತು ಆ ಸ್ಥಳಾಂತರವು ಅಂತರ್ಜಾಲದ ಸಂಗ್ರಹದಲ್ಲಿಯೂ ನಡೆದು, ಸಂಸ್ಥೆಯ ಇತರರ ಪಾಲಿಗೂ ಕಡತವು ಕಾಣದಾಗುತ್ತದೆ. ಅಳಿದದ್ದು ಸ್ವಂತ ಒನ್‌ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನವೂ, ಸಂಸ್ಥೆಯ ಖಾತೆಯಲ್ಲಿ ಸಾಧಾರಣವಾಗಿ 93 ದಿನವೂ, ಗೂಗಲ್ ಡ್ರೈವಿನಲ್ಲಿ 30 ದಿನವೂ ಉಳಿದಿರುವುದರಿಂದ, ಬೇಗನೆ ತಿಳಿದುಬಂದಲ್ಲಿ ಮರಳಿ ಪಡೆಯುವುದಕ್ಕೆ ಅಡ್ಡಿಯಿಲ್ಲ.

ಇಷ್ಟನ್ನೂ ಬಲ್ಲವರು, ಪ್ರತಿ ಸಲವೂ ಎಚ್ಚರಿಕೆಯಿಂದ ಖಾತೆಯನ್ನು ಬದಲಾಯಿಸಿ ಎಂದು ಉಪದೇಶಿಸುವುದುಂಟು. ನಾನು ಆ ಉಪದೇಶವನ್ನು ಒಪ್ಪುವುದಿಲ್ಲ. ಹಾಲಿನ ಕ್ಯಾನುಗಳು ಸಾಲಾಗಿ ಕಾದಿರುವಾಗ, ವಿದ್ಯುತ್ತು ಯಾವಾಗ ಹೋದೀತೋ ಎಂಬ ಆತಂಕದಲ್ಲಿ ಕೆಲಸ ಮಾಡುವ ಮನುಷ್ಯನ ಎಚ್ಚರಿಕೆಯೊಂದನ್ನೇ ನೆಚ್ಚಿ ನಿಂತ ವ್ಯವಸ್ಥೆಯು ಒಳ್ಳೆಯ ವ್ಯವಸ್ಥೆಯಾಗಲಾರದು; ಬದಲಾಯಿಸುವ ಅಗತ್ಯವೇ ಬಾರದಂತೆ ಮಾಡಿಕೊಳ್ಳುವುದು ಜಾಣತನ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಈ ಮೂರು ಬ್ರೌಸರುಗಳಲ್ಲಿಯೂ ‘ಪ್ರೊಫೈಲ್’ ಎಂಬ ಸೌಲಭ್ಯವಿದೆ. ಪ್ರತಿ ಪ್ರೊಫೈಲಿಗೂ ತನ್ನದೇ ಆದ ಕುಕಿಗಳು, ತನ್ನದೇ ಆದ ಪಾಸ್‌ವರ್ಡುಗಳು, ತನ್ನದೇ ಆದ ಪುಟಗಳ ಚರಿತ್ರೆ. ಒಂದರ ಗುರುತು ಇನ್ನೊಂದಕ್ಕೆ ಕಾಣಿಸದು. ಸಂಘಕ್ಕೊಂದು, ರೀಲರ ಕೆಲಸಕ್ಕೊಂದು, ಮನೆಗೊಂದು ಪ್ರೊಫೈಲನ್ನು ಮಾಡಿ, ಒಂದೊಂದರಲ್ಲಿ ಒಂದೇ ಖಾತೆಯಿಂದ ಮಾತ್ರ ಒಳಹೊಕ್ಕು, ಕಿಟಕಿಗಳಿಗೆ ಬೇರೆಬೇರೆ ಬಣ್ಣಗಳನ್ನು ಕೊಟ್ಟರೆ, ಲಿಂಕು ತಪ್ಪು ಖಾತೆಯಲ್ಲಿ ತೆರೆಯುವ ಸಂಭವವು ಬಹುತೇಕ ಇಲ್ಲವಾಗುತ್ತದೆ; ವಾಟ್ಸ್‌ಆಪಿನ ಲಿಂಕನ್ನು ನೇರವಾಗಿ ಒತ್ತದೆ, ಪ್ರತಿಮಾಡಿಕೊಂಡು ಬೇಕಾದ ಕಿಟಕಿಯಲ್ಲಿ ಅಂಟಿಸುವ ಅಭ್ಯಾಸವೊಂದನ್ನು ಇದಕ್ಕೆ ಸೇರಿಸಿಕೊಂಡರೆ ಸಾಕು. ಇದಕ್ಕೆ ತಗಲುವ ಹೊತ್ತು ಒಂದು ಲೋಟ ಕಾಫಿ ಕುಡಿಯುವಷ್ಟು.

ಆದರೆ ಪ್ರೊಫೈಲೆಂಬುದು ಬೀಗವೆಂದು ತಿಳಿಯಬಾರದು. ಅದೇ ಲ್ಯಾಪ್‌ಟಾಪನ್ನು ಅಣ್ಣನೋ ತಂಗಿಯೋ ತೆರೆದರೆ, ಒಂದು ಕ್ಲಿಕ್ಕಿನಲ್ಲಿ ಯಾವ ಪ್ರೊಫೈಲಿಗಾದರೂ ಹೋಗಬಲ್ಲರು; ಆದುದರಿಂದ ಹಲವರು ಬಳಸುವ ಯಂತ್ರದಲ್ಲಿ ವಿಂಡೋಸಿನಲ್ಲಿಯೇ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ ಇಟ್ಟುಕೊಳ್ಳತಕ್ಕದ್ದು. ಸೈಬರ್ ಸೆಂಟರಿನಂತಹ ಪರಸ್ಥಳದಲ್ಲಿ ಬ್ರೌಸರಿನ ಗುಪ್ತ (ಇನ್‌ಕಾಗ್ನಿಟೋ) ಕಿಟಕಿಯೇ ಗತಿ. ಮುಗಿದ ಮೇಲೆ ಲಾಗ್‌ಔಟ್ ಮಾಡಿಯೇ ಏಳಬೇಕು. ಮರೆತು ಬಂದಲ್ಲಿ, ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ ಕಾಣುವ ಸಾಧನಗಳ ಪಟ್ಟಿಯಿಂದ ಆ ಯಂತ್ರವನ್ನು ಮನೆಯಿಂದಲೇ ಹೊರಹಾಕಬಹುದು. ಎರಡು ಹಂತದ ದೃಢೀಕರಣವನ್ನು ಪ್ರತಿ ಖಾತೆಗೂ ಇಟ್ಟುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಫೋನಿನಲ್ಲಿ ಡ್ರೈವ್ ಆ್ಯಪಿನ ಮೂಲೆಯಲ್ಲಿರುವ ದುಂಡನೆಯ ಚಿತ್ರವೇ ಈಗ ಯಾವ ಖಾತೆಯಲ್ಲಿದ್ದೇವೆಂಬುದನ್ನು ತಿಳಿಸುವುದರಿಂದ, ಮೂರು ಖಾತೆಗಳಿಗೂ ತನ್ನ ಮುಖವನ್ನೇ ಇಡದೆ, ಸಂಘಕ್ಕೆ ಹಾಲಿನ ಕ್ಯಾನಿನ ಚಿತ್ರವನ್ನೋ ರೀಲರ ಕೆಲಸಕ್ಕೆ ರೇಷ್ಮೆ ಗೂಡಿನ ಚಿತ್ರವನ್ನೋ ಇಟ್ಟರೆ ಕಣ್ಣಿಗೆ ಒಡನೆಯೇ ತಿಳಿಯುತ್ತದೆ.

ಸರ್ಕಾರಿ ನೌಕರರ ವಿಷಯ ಬೇರೆ. ಸಾರ್ವಜನಿಕವಲ್ಲದ ಸರ್ಕಾರದ ಮಾಹಿತಿಯನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಸರ್ಕಾರೇತರ ಸಂಗ್ರಹಗಳಲ್ಲಿ ಇಡಕೂಡದೆಂದು 2022ರ ಜೂನ್‌ನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು (ಎನ್‌ಐಸಿ) ಸಿದ್ಧಪಡಿಸಿದ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಸ್ಪಷ್ಟವಾಗಿ ಹೇಳಿದೆ. ಅಂಥವರು ಕಚೇರಿಯ ಖಾತೆಯಿಂದ ಸ್ವಂತ ಖಾತೆಗೆ ಬದಲಾಯಿಸುವ ಪ್ರಶ್ನೆಯೇ ಆ ಕಡತಗಳ ಮಟ್ಟಿಗೆ ಏಳದು.

ಇನ್ನು, ಆ ತರುಣಿ ಸಂಘದ ಕೆಲಸವನ್ನು ಬಿಡುವ ದಿನ ಬಂದಿತೆನ್ನೋಣ. ಲ್ಯಾಪ್‌ಟಾಪಿನಿಂದ ಕಡತಗಳು ಮೇಲೇರುವುದು ಪೂರ್ತಿಯಾಗಿದೆಯೆಂದು ನೋಡಿಕೊಳ್ಳದೆ ಖಾತೆಯನ್ನು ಕಡಿದರೆ, ಕೊನೆಯ ದಿನದ ಲೆಕ್ಕವು ಯಂತ್ರದಲ್ಲಿಯೇ ಉಳಿದುಬಿಡಬಹುದು. ಅದನ್ನು ನೋಡಿಕೊಳ್ಳುವುದು ಮೊದಲ ಕೆಲಸ. ಅನಂತರ, ಡ್ರೈವಿನಲ್ಲಿ ತನ್ನ ಸ್ವಂತ ಖಾತೆಯ ಒಡೆತನದಲ್ಲಿ ಸಂಘದ ಕಡತಗಳೇನಾದರೂ ಉಳಿದಿವೆಯೇ ಎಂದು ಹುಡುಕಬೇಕು. ಎರಡೂ ಸಾಮಾನ್ಯ ಜಿಮೇಲ್ ಖಾತೆಗಳಾಗಿದ್ದಲ್ಲಿ ಒಡೆತನವನ್ನು ಸಂಘದ ಖಾತೆಗೆ ವರ್ಗಾಯಿಸಬಹುದು. ಸಂಘವು ಹಣ ಕೊಟ್ಟು ಪಡೆದ ಸಂಸ್ಥೆಯ ಖಾತೆಯಾಗಿದ್ದಲ್ಲಿ ಹೊರಗಿನ ಖಾತೆಗೂ ಅದಕ್ಕೂ ನಡುವೆ ಇಂತಹ ವರ್ಗಾವಣೆ ನಡೆಯದಿರುವುದರಿಂದ, ಸಂಘದ ಖಾತೆಯಿಂದ ಕಡತವನ್ನು ತೆರೆದು ಪ್ರತಿಯನ್ನು ಮಾಡಿಕೊಂಡರೆ ಆ ಪ್ರತಿಗೆ ಸಂಘವೇ ಒಡೆಯನಾಗುತ್ತದೆ. ವರ್ಗಾವಣೆಯ ಕೋರಿಕೆಯನ್ನು ಕಳುಹಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಂಘದ ಖಾತೆಯವರು ಅದನ್ನು ಅಂಗೀಕರಿಸುವವರೆಗೆ ಹಳೆಯ ಒಡೆತನವೇ ಮುಂದುವರಿಯುವುದರಿಂದ, ಕಾರ್ಯದರ್ಶಿಗಳ ಎದುರಿಗೇ ಕುಳಿತು, ಅಂಗೀಕಾರವಾದುದನ್ನು ನೋಡಿಕೊಂಡ ಮೇಲೆಯೇ ಆಕೆಯ ಸ್ವಂತ ಖಾತೆಯ ಹೆಸರನ್ನು ಸಂಘದ ಫೋಲ್ಡರಿನಿಂದ ತೆಗೆಯತಕ್ಕದ್ದು.