ಸಂತಾನ ಚಿಕಿತ್ಸಾ ಕೇಂದ್ರದ ಆಯ್ಕೆ: ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ತುಮಕೂರು: ಮದುವೆಯಾಗಿ ಒಂದೆರಡು ವರ್ಷ ಕಳೆದರೆ ಸಾಕು, ಜಾತ್ರೆಯಲ್ಲಿ, ಗೃಹಪ್ರವೇಶದಲ್ಲಿ, ಕೊನೆಗೆ ಬಸ್ ನಿಲ್ದಾಣದಲ್ಲಿ ಕೂಡ ‘ಏನಾದರೂ ವಿಶೇಷವಿದೆಯೇ?’ ಎಂಬ ಪ್ರಶ್ನೆ ದಂಪತಿಗೆ ಎದುರಾಗುತ್ತದೆ. ಉತ್ತರ ಇಲ್ಲವೆಂದಾದರೆ ಹರಕೆ, ನಾಟಿ ಔಷಧ, ಪಥ್ಯಗಳ ಸರಣಿ ಆರಂಭವಾಗುತ್ತದೆ. ಅದರ ಬಳಿಕವೇ ಆಸ್ಪತ್ರೆಯ ನೆನಪಾಗುವುದು ನಮ್ಮಲ್ಲಿ ರೂಢಿ. ಅಷ್ಟರಲ್ಲಿ ಅಮೂಲ್ಯವಾದ ಕೆಲವು ವರ್ಷಗಳು ಕಳೆದುಹೋಗಿರುತ್ತವೆ.

ಈಗ ಜಾಹೀರಾತುಗಳಿಗೆ ಕೊರತೆಯಿಲ್ಲ. ನಗುವ ಮಗುವಿನ ಚಿತ್ರ, ದೊಡ್ಡ ಅಕ್ಷರಗಳಲ್ಲಿ ಯಶಸ್ಸಿನ ಶೇಕಡಾವಾರು, ಕೆಳಗೆ ‘ಸುಲಭ ಕಂತು’ ಎಂಬ ಒಕ್ಕಣೆ. ಆದರೆ ಗುಬ್ಬಿಯ ತೆಂಗು ಬೆಳೆಗಾರನಿಗಾಗಲಿ, ಕುಣಿಗಲ್‌ನ ಶಿಕ್ಷಕಿಗಾಗಲಿ, ತುಮಕೂರಿನ ಕಾರ್ಖಾನೆ ನೌಕರನಿಗಾಗಲಿ ಈ ಚಿಕಿತ್ಸೆ ಎಂದರೆ ಹಲವು ವರ್ಷಗಳ ಉಳಿತಾಯದ ಪ್ರಶ್ನೆ. ಪ್ರನಾಳ ಶಿಶು ವಿಧಾನದ ಒಂದೇ ಆವರ್ತಕ್ಕೆ ಖಾಸಗಿ ಕೇಂದ್ರಗಳಲ್ಲಿ ಒಂದು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಹೀಗಿರುವಾಗ ಕೇಂದ್ರವನ್ನು ಆರಿಸುವುದು ಹೇಗೆ? ದರ ಸ್ಪಷ್ಟವಾಗಿದೆ ಎಂದು ತಿಳಿಯುವುದು ಹೇಗೆ?

ಮೊದಲು ತಪಾಸಣೆ, ಆಮೇಲೆ ಕೇಂದ್ರ

ಗರ್ಭನಿರೋಧಕ ಬಳಸದೆ 12 ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಉಚಿತ. ಇದು ಅಪರೂಪದ ಸಮಸ್ಯೆಯೂ ಅಲ್ಲ. ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಿತಾವಧಿಯಲ್ಲಿ ಇದನ್ನು ಎದುರಿಸುತ್ತಾರೆ ಎಂದು ಆ ಸಂಸ್ಥೆಯ 2023ರ ವರದಿ ಹೇಳಿದೆ.

ಮೊದಲ ಹಂತದ ಪರೀಕ್ಷೆಗಳು ದುಬಾರಿಯಲ್ಲ. ಪತಿಗೆ ವೀರ್ಯ ಪರೀಕ್ಷೆ. ಪತ್ನಿಗೆ ಥೈರಾಯ್ಡ್ ಮತ್ತಿತರ ಹಾರ್ಮೋನುಗಳ ರಕ್ತ ಪರೀಕ್ಷೆ, ಅಂಡಾಶಯದ ಸ್ಕ್ಯಾನಿಂಗ್, ಅಗತ್ಯವಿದ್ದರೆ ಗರ್ಭನಾಳಗಳು ತೆರೆದಿವೆಯೇ ಎಂದು ನೋಡುವ ಎಕ್ಸ್-ರೇ. ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಿಂದಲೇ ಈ ಹಾದಿಯನ್ನು ಆರಂಭಿಸಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಕ್ಕಳಾಗದಿದ್ದರೆ ದೋಷವೆಲ್ಲ ಸೊಸೆಯದೇ ಎಂಬ ಭಾವನೆ ಇನ್ನೂ ಅಳಿದಿಲ್ಲ. ವಾಸ್ತವದಲ್ಲಿ ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಪತಿಯ ಪರೀಕ್ಷೆಯಾಗದೆ ಪತ್ನಿಗೆ ಚುಚ್ಚುಮದ್ದು ಆರಂಭಿಸುವ ಕೇಂದ್ರದ ಬಗ್ಗೆ ಎಚ್ಚರಿಕೆಯಿಂದಿರುವುದು ಒಳಿತು.

ಈ ವರದಿಗಳ ಮೂಲ ಪ್ರತಿಗಳು ದಂಪತಿಯ ಕೈಯಲ್ಲಿಯೇ ಇರಬೇಕು. ಕೇಂದ್ರ ಬದಲಿಸಿದಾಗ ಅದೇ ಪರೀಕ್ಷೆಗಳಿಗೆ ಮತ್ತೆ ಹಣ ತೆರುವುದು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ನೋಂದಣಿ ಇದೆಯೇ?

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಜನಿಸಿದಾಗ ಪ್ರನಾಳ ಶಿಶು ಜಗತ್ತಿಗೇ ವಿಸ್ಮಯವಾಗಿತ್ತು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದಲ್ಲಿಯೂ ಇಂತಹ ಮಗು ಹುಟ್ಟಿತು. ಆದರೆ ಈ ಕ್ಷೇತ್ರಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನು ಬರಲು ನಾಲ್ಕು ದಶಕಗಳೇ ಬೇಕಾದವು. ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021 ಜಾರಿಗೆ ಬಂದದ್ದು 2022ರ ಜನವರಿ 25ರಂದು.

ಈ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಾವ ಕೇಂದ್ರವೂ ಇಂತಹ ಚಿಕಿತ್ಸೆ ನೀಡುವಂತಿಲ್ಲ. ನೋಂದಣಿಯ ಅವಧಿ ಐದು ವರ್ಷ. ಕೇಂದ್ರಗಳಲ್ಲಿ ಎರಡು ಹಂತಗಳಿವೆ. ಮೊದಲ ಹಂತದ ಕೇಂದ್ರದಲ್ಲಿ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಸರಳ ವಿಧಾನಕ್ಕೆ, ಅಂದರೆ ಐಯುಐಗೆ, ಮಾತ್ರ ಅನುಮತಿ. ಅಂಡಾಣುವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಐವಿಎಫ್, ಇಕ್ಸಿ ವಿಧಾನಗಳಿಗೆ ಎರಡನೇ ಹಂತದ ನೋಂದಣಿ ಬೇಕು. ಅಲ್ಲಿ ಸ್ತ್ರೀರೋಗ ತಜ್ಞರ ಜೊತೆಗೆ ಭ್ರೂಣಶಾಸ್ತ್ರಜ್ಞ, ಅರಿವಳಿಕೆ ತಜ್ಞ ಹಾಗೂ ಆಪ್ತಸಮಾಲೋಚಕರು ಇರಬೇಕು.

ಆದ್ದರಿಂದ ಮೊದಲ ಭೇಟಿಯಲ್ಲಿಯೇ ನೋಂದಣಿ ಪ್ರಮಾಣಪತ್ರ ನೋಡಬೇಕು. ಅದರಲ್ಲಿರುವ ವಿಳಾಸ, ಹಂತ, ಅವಧಿಗಳನ್ನು ಓದಿಕೊಳ್ಳಬೇಕು. ಸಮಾಲೋಚನೆ ತುಮಕೂರಿನಲ್ಲಿ ನಡೆದು ಪ್ರಯೋಗಾಲಯ ಬೆಂಗಳೂರಿನಲ್ಲಿ ಇರುವ ವ್ಯವಸ್ಥೆಯೂ ಇರಬಹುದು. ಹಾಗಿದ್ದರೆ ಅಂಡಾಣು ತೆಗೆಯುವುದು ಎಲ್ಲಿ, ಭ್ರೂಣ ಇರಿಸುವುದು ಎಲ್ಲಿ, ಆ ಕೇಂದ್ರದ ನೋಂದಣಿ ಸಂಖ್ಯೆ ಯಾವುದು ಎಂದು ಕೇಳಿ ಬರೆದುಕೊಳ್ಳುವುದು ಅಗತ್ಯ.

ಚಿಕಿತ್ಸೆಗೆ ವಯೋಮಿತಿಯೂ ಇದೆ. ಮಹಿಳೆಗೆ 21ಕ್ಕಿಂತ ಹೆಚ್ಚು, 50ಕ್ಕಿಂತ ಕಡಿಮೆ. ಪುರುಷನಿಗೆ 21ಕ್ಕಿಂತ ಹೆಚ್ಚು, 55ಕ್ಕಿಂತ ಕಡಿಮೆ ವಯಸ್ಸಾಗಿರಬೇಕು. ಗಂಡು ಮಗುವಿನ ಭರವಸೆ ಕೊಡುವವರು ಇದ್ದರೆ ಅಲ್ಲಿಂದ ಕೂಡಲೇ ಹೊರಬರಬೇಕು. ಲಿಂಗ ಆಯ್ಕೆ ಈ ಕಾಯ್ದೆಯಡಿ 5ರಿಂದ 10 ವರ್ಷಗಳ ಸೆರೆವಾಸ ಅಥವಾ 10ರಿಂದ 25 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡಕ್ಕೂ ಗುರಿಮಾಡುವ ಅಪರಾಧ.

ಶೇಕಡಾವಾರಿನ ಒಳಗುಟ್ಟು

‘ನಮ್ಮಲ್ಲಿ ಶೇ 40 ಯಶಸ್ಸು’ ಎಂಬ ಮಾತಿಗೆ ಅರ್ಥ ಬರುವುದು ‘ಯಾವುದರಲ್ಲಿ ಶೇ 40?’ ಎಂದು ಕೇಳಿದಾಗ. ಉದಾಹರಣೆಗೆ, 100 ದಂಪತಿ ಚುಚ್ಚುಮದ್ದು ಆರಂಭಿಸಿದರು ಎಂದಿಟ್ಟುಕೊಳ್ಳಿ. ಅಂಡಾಣುಗಳು ಸರಿಯಾಗಿ ಬೆಳೆಯದೆ, ಭ್ರೂಣ ರೂಪುಗೊಳ್ಳದೆ ಕೆಲವರ ಚಿಕಿತ್ಸೆ ನಡುವೆಯೇ ನಿಂತು, 75 ಮಂದಿಗೆ ಮಾತ್ರ ಭ್ರೂಣ ವರ್ಗಾವಣೆಯಾಯಿತು. ಅವರಲ್ಲಿ 30 ಮಂದಿ ಗರ್ಭ ಧರಿಸಿದರು. ಕೆಲವರಿಗೆ ಗರ್ಭಪಾತವಾಗಿ ಕೊನೆಗೆ 24 ಮಂದಿಗೆ ಮಗು ಜನಿಸಿತು. 75ರಲ್ಲಿ 30 ಎಂದು ಲೆಕ್ಕ ಹಾಕಿದರೆ ಶೇ 40. ಆದರೆ ಹಣ ಕಟ್ಟಿ ಆರಂಭಿಸಿದ 100ರಲ್ಲಿ ಮಗುವಿನೊಂದಿಗೆ ಮನೆಗೆ ಹೋದವರು ಶೇ 24 ಮಾತ್ರ. ಎರಡೂ ಲೆಕ್ಕಗಳು ಸುಳ್ಳಲ್ಲ. ದಂಪತಿಗೆ ಬೇಕಾದದ್ದು ಎರಡನೆಯದು.

ವಯಸ್ಸನ್ನು ಬಿಟ್ಟು ಹೇಳಿದ ಯಶಸ್ಸಿನ ದರಕ್ಕೂ ಬೆಲೆಯಿಲ್ಲ. ಬ್ರಿಟನ್ನಿನಲ್ಲಿ ಸರಕಾರಿ ನಿಯಂತ್ರಣ ಪ್ರಾಧಿಕಾರವೇ ಪ್ರತಿ ಕೇಂದ್ರದ ಅಂಕಿಅಂಶಗಳನ್ನು ಪ್ರಕಟಿಸುತ್ತದೆ. ಅಲ್ಲಿ ಸ್ವಂತ ಅಂಡಾಣು ಬಳಸುವ 35ಕ್ಕಿಂತ ಕಿರಿಯ ಮಹಿಳೆಯರಲ್ಲಿ ವರ್ಗಾಯಿಸಿದ ಭ್ರೂಣಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಜನನದಲ್ಲಿ ಮುಗಿಯುತ್ತದೆ. 40 ದಾಟಿದ ಬಳಿಕ ಈ ಪ್ರಮಾಣ ತೀವ್ರವಾಗಿ ಕುಸಿಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇಷ್ಟು: ‘ಕಳೆದ ವರ್ಷ ನಮ್ಮ ವಯಸ್ಸಿನ ಎಷ್ಟು ಮಹಿಳೆಯರು ಸ್ವಂತ ಅಂಡಾಣುವಿನಿಂದ ಇಲ್ಲಿ ಚಿಕಿತ್ಸೆ ಆರಂಭಿಸಿದರು? ಅವರಲ್ಲಿ ಎಷ್ಟು ಮಂದಿಗೆ ಮಗುವಾಯಿತು?’

ಶೇ 100 ಖಾತರಿ ಎಂಬ ಮಾತನ್ನು ಯಾವ ಪ್ರಾಮಾಣಿಕ ವೈದ್ಯರೂ ಹೇಳಲಾರರು.

ದರಪಟ್ಟಿಯಲ್ಲಿ ಕಾಣದ ಬಾಬತ್ತುಗಳು

ಚಿಕಿತ್ಸೆಯ ಅನುಕೂಲ, ಪ್ರತಿಕೂಲ, ವೆಚ್ಚ, ಅಡ್ಡಪರಿಣಾಮ ಹಾಗೂ ಅವಳಿ-ತ್ರಿವಳಿ ಗರ್ಭದ ಅಪಾಯವನ್ನು ದಂಪತಿಗೆ ತಿಳಿಸುವುದು 2021ರ ಕಾಯ್ದೆಯಂತೆ ಕೇಂದ್ರದ ಕರ್ತವ್ಯ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಕೂಡ ದರಪಟ್ಟಿಯನ್ನು ರೋಗಿಗಳಿಗೆ ಲಭ್ಯವಾಗಿಸಬೇಕೆಂದು ಹೇಳುತ್ತದೆ. ಅಂದರೆ ದರ ಕೇಳುವುದು ಸಂಕೋಚಪಡಬೇಕಾದ ವಿಷಯವಲ್ಲ, ಅದು ಹಕ್ಕು.

ಆದರೆ ‘ಪ್ಯಾಕೇಜ್’ ಎಂಬ ಒಂದೇ ಮೊತ್ತ ಬಹಳಷ್ಟನ್ನು ಮರೆಮಾಚಬಲ್ಲದು. ಕೆಳಗಿನ ಪ್ರತಿಯೊಂದು ಬಾಬತ್ತೂ ಪ್ಯಾಕೇಜಿನ ಒಳಗಿದೆಯೇ, ಹೊರಗಿದೆಯೇ ಎಂದು ಲಿಖಿತವಾಗಿ ಪಡೆಯಬೇಕು:

* ಅಂಡಾಣು ಬೆಳೆಸುವ ಚುಚ್ಚುಮದ್ದು. ದೇಹದ ಸ್ಪಂದನೆಗೆ ತಕ್ಕಂತೆ ಪ್ರಮಾಣ ಬದಲಾಗುವುದರಿಂದ ಅಂದಾಜು ಮೀರುವುದು ಹೆಚ್ಚಾಗಿ ಇಲ್ಲಿಯೇ.
* ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಗಳು.
* ಅಂಡಾಣು ತೆಗೆಯುವ ದಿನದ ಅರಿವಳಿಕೆ ಹಾಗೂ ಹಾಸಿಗೆ ಶುಲ್ಕ.
* ಇಕ್ಸಿ ವಿಧಾನದ ಹೆಚ್ಚುವರಿ ಶುಲ್ಕ.
* ಭ್ರೂಣವನ್ನು ಶೈತ್ಯೀಕರಿಸುವ ಶುಲ್ಕ ಹಾಗೂ ಅದರ ವಾರ್ಷಿಕ ಬಾಡಿಗೆ. ಭ್ರೂಣವನ್ನು ಗರಿಷ್ಠ 10 ವರ್ಷ ಇರಿಸಲು ಕಾಯ್ದೆ ಅವಕಾಶ ನೀಡಿದೆ.
* ಶೈತ್ಯೀಕರಿಸಿದ ಭ್ರೂಣದ ಎರಡನೇ ವರ್ಗಾವಣೆಯ ವೆಚ್ಚ.
* ಚಿಕಿತ್ಸೆ ನಡುವೆ ನಿಂತರೆ ಮರಳಿ ಬರುವ ಹಣ.

‘ಇದನ್ನೂ ಸೇರಿಸಿದರೆ ಯಶಸ್ಸು ಹೆಚ್ಚು’ ಎಂದು ಸೂಚಿಸುವ ಹೆಚ್ಚುವರಿ ಸೇವೆಗಳ ವಿಷಯದಲ್ಲಿ ನಿಧಾನಿಸುವುದು ಲೇಸು. ಇಂತಹ ಹಲವು ಸೇವೆಗಳಿಂದ ಮಗು ಜನಿಸುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಇಲ್ಲ. ‘ನಮ್ಮ ಪ್ರಕರಣದಲ್ಲಿ ಇದು ಏಕೆ ಬೇಕು? ಬೇಡವೆಂದರೆ ಏನಾಗುತ್ತದೆ?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಆರೋಗ್ಯ ವಿಮೆಯನ್ನು ನಂಬಿ ಕೂಡುವಂತಿಲ್ಲ. ಬಹುತೇಕ ಪಾಲಿಸಿಗಳು ಬಂಜೆತನ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಆಯುಷ್ಮಾನ್ ಭಾರತ್ ಯೋಜನೆಯೂ ಸಾಮಾನ್ಯವಾಗಿ ಇದನ್ನು ಒಳಗೊಂಡಿಲ್ಲ. ಕಂತಿನ ಸೌಲಭ್ಯವೆಂದರೆ ಹಣಕಾಸು ಸಂಸ್ಥೆಯ ಸಾಲವೇ ಆಗಿರುತ್ತದೆ. ಗರ್ಭ ನಿಲ್ಲದಿದ್ದರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಒಂದು ಆವರ್ತಕ್ಕಲ್ಲ, ಎರಡನೆಯದೂ ಬೇಕಾದೀತು ಎಂಬ ಎಣಿಕೆಯಿಂದಲೇ ಮನೆಯ ಲೆಕ್ಕ ಹಾಕಬೇಕು. ಎಷ್ಟು ಪ್ರಯತ್ನಗಳ ನಂತರ ನಿಲ್ಲಿಸಬೇಕೆಂಬ ಮಾತನ್ನೂ ದಂಪತಿ ಮೊದಲೇ ಆಡಿಕೊಂಡಿದ್ದರೆ ಆಸ್ತಿ ಅಡವಿಡುವ ಹಂತ ಬಾರದು.

ದೂರವೂ ಒಂದು ವೆಚ್ಚ

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ.; ತುಮಕೂರಿನಿಂದಲೂ ಕುಣಿಗಲ್‌ನಿಂದಲೂ ಬೆಂಗಳೂರಿಗೆ ಹೆಚ್ಚುಕಡಿಮೆ 70 ಕಿ.ಮೀ. ಹೆದ್ದಾರಿಯಿದೆ, ರೈಲೂ ಇದೆ. ಹಾಗೆಂದು ಬೆಂಗಳೂರಿನ ದೊಡ್ಡ ಹೆಸರೇ ಸದಾ ಉತ್ತಮ ಆಯ್ಕೆ ಎನ್ನಲಾಗದು. ಚುಚ್ಚುಮದ್ದು ಆರಂಭವಾದ ಮೇಲೆ ಸುಮಾರು 10ರಿಂದ 12 ದಿನಗಳ ಅವಧಿಯಲ್ಲಿ ಎರಡು-ಮೂರು ದಿನಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕು. ಕೊನೆಯ ಚುಚ್ಚುಮದ್ದನ್ನು ನಿಗದಿತ ಗಳಿಗೆಯಲ್ಲಿಯೇ ತೆಗೆದುಕೊಂಡು, ಸುಮಾರು 36 ಗಂಟೆಗಳ ನಂತರ ಅಂಡಾಣು ತೆಗೆಯಲು ಹಾಜರಿರಬೇಕು. ಪ್ರತಿ ಭೇಟಿಗೂ ಇಬ್ಬರ ಒಂದು ದಿನದ ದುಡಿಮೆ ಹೋಗುತ್ತದೆ.

ನಡುವಿನ ಸ್ಕ್ಯಾನಿಂಗ್ ಅನ್ನು ತುಮಕೂರಿನಲ್ಲಿಯೇ ಮಾಡಿಸಿ ವರದಿ ಕಳುಹಿಸಿದರೆ ಒಪ್ಪುವರೇ ಎಂದು ಮೊದಲೇ ಕೇಳಬಹುದು. ಅದಕ್ಕಿಂತ ಮುಖ್ಯವಾದದ್ದು ತುರ್ತು ವ್ಯವಸ್ಥೆ. ಚುಚ್ಚುಮದ್ದಿಗೆ ಅಂಡಾಶಯ ಅತಿಯಾಗಿ ಸ್ಪಂದಿಸಿದರೆ ಹೊಟ್ಟೆ ಉಬ್ಬರ, ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು. ವಿರಳವಾಗಿ ಇದು ಪ್ರಾಣಾಪಾಯಕ್ಕೂ ದಾರಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಕುಣಿಗಲ್‌ನ ಮನೆಯಿಂದ ಯಾರಿಗೆ ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಧಾವಿಸಬೇಕು? ಇದಕ್ಕೆ ಸ್ಪಷ್ಟ ಉತ್ತರವಿಲ್ಲದ ಕೇಂದ್ರ ಎಷ್ಟೇ ಅಗ್ಗವಾಗಿದ್ದರೂ ಅಗ್ಗವಲ್ಲ.

ಸಹಿ ಹಾಕುವ ಮುನ್ನ

ಸಮ್ಮತಿ ಪತ್ರ ಕನ್ನಡದಲ್ಲಿ ಇರಲಿ, ಇಲ್ಲವೇ ಪ್ರತಿ ಪುಟವನ್ನೂ ಕನ್ನಡದಲ್ಲಿ ವಿವರಿಸಲಿ. ಮನೆಗೆ ಒಯ್ದು ಓದಲು ಒಂದು ದಿನ ಕೇಳುವುದರಲ್ಲಿ ತಪ್ಪಿಲ್ಲ. ಭ್ರೂಣವನ್ನು ಗರ್ಭಕೋಶಕ್ಕೆ ಇರಿಸುವ ಮುನ್ನ ಯಾವಾಗ ಬೇಕಾದರೂ ಸಮ್ಮತಿಯನ್ನು ಹಿಂಪಡೆಯಬಹುದು. ದಾನಿಯ ಅಂಡಾಣು ಅಥವಾ ವೀರ್ಯ ಬಳಸುವುದಾದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಇರಲೇಬೇಕು. ದಂಪತಿಯ ವಿವರಗಳನ್ನು ಗೋಪ್ಯವಾಗಿಡುವುದೂ ಕೇಂದ್ರದ ಹೊಣೆ.

ತಕರಾರು ಬಂದರೆ ದಾರಿಗಳಿವೆ. ಪ್ರತಿ ಕೇಂದ್ರದಲ್ಲಿಯೂ ಕುಂದುಕೊರತೆ ವಿಭಾಗ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರವಿದೆ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪಿತ್ತಿರುವುದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು. ಆದರೆ ಗರ್ಭ ನಿಲ್ಲಲಿಲ್ಲ ಎಂಬುದೊಂದೇ ಸೇವಾಲೋಪವಾಗದು. ಬಿಲ್ಲು, ರಸೀದಿ, ಲಿಖಿತ ದರಪಟ್ಟಿ, ಸಮ್ಮತಿ ಪತ್ರದ ಪ್ರತಿ ಇದ್ದರೆ ಮಾತ್ರ ದೂರಿಗೆ ಬಲ.

ಕನಿಷ್ಠ ಎರಡು ಕೇಂದ್ರಗಳನ್ನು ಕಂಡು, ಒಂದೇ ಪ್ರಶ್ನಾವಳಿಯನ್ನು ಎರಡೂ ಕಡೆ ಮುಂದಿಟ್ಟು ಉತ್ತರಗಳನ್ನು ಹೋಲಿಸಿ ನೋಡುವುದು ವಿವೇಕ. ‘ನಿಮಗೆ ಐವಿಎಫ್ ಈಗಲೇ ಬೇಕಿಲ್ಲ’ ಎಂದೋ, ‘ಮತ್ತೊಂದು ಪ್ರಯತ್ನದಿಂದ ಪ್ರಯೋಜನ ಕಡಿಮೆ’ ಎಂದೋ ಕಾರಣಸಹಿತ ಹೇಳುವ ವೈದ್ಯರು ಸಿಕ್ಕರೆ ಆ ಮಾತಿಗೆ ಬೆಲೆ ಕೊಡಬೇಕು. ಹಣದ ಆಸೆಗಿಂತ ರೋಗಿಯ ಹಿತವನ್ನು ಮುಂದಿಟ್ಟವರಿಂದ ಮಾತ್ರ ಅಂತಹ ಮಾತು ಬರುತ್ತದೆ.